ನೂರ ಎಂಬತ್ತು ಕಿಲೋ ಕಾಲುಚೀಲ

ಮನುಷ್ಯನಿಗೆ ಒಂದೊಂದು ಪಕ್ಕಕ್ಕೆ ಹನ್ನೆರಡರಂತೆ ಒಟ್ಟು ಇಪ್ಪತ್ತನಾಲ್ಕು ಪಕ್ಕೆಲುಬುಗಳಿರುತ್ತವೆ ಎಂಬ ವಿಷಯ ಪರವಾನಗಿ ಕಚೇರಿಯ ನಮ್ಮ ಗುಮಾಸ್ತರಿಗೆ ನಲವತ್ತೇಳು ವರ್ಷ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಅವು ತಮ್ಮ ಪಾಡಿಗೆ ತಾವಿದ್ದವು. ಇವರು ತಮ್ಮ ಪಾಡಿಗೆ ಆವಕ-ಜಾವಕದ ಮೇಜಿನ ಹಿಂದೆ ಕೂತು, ಬಂದ ಕಾಗದಕ್ಕೊಂದು ಮೊಹರು, ಹೋಗುವ ಕಾಗದಕ್ಕೊಂದು ಮೊಹರು ಹೊಡೆದುಕೊಂಡಿದ್ದರು. ಎಡಗಡೆಯ ಎಂಟನೆಯ ಪಕ್ಕೆಲುಬಿನ ಪರಿಚಯ ಅವರಿಗಾದದ್ದು ಒಂದು ಭಾನುವಾರ ಬೆಳಿಗ್ಗೆ, ವಾಷಿಂಗ್ ಮೆಷಿನ್ನಿನೊಳಗೆ.

ಅದಕ್ಕೆ ಮೂರು ವಾರ ಮುಂಚೆಯಷ್ಟೇ ಅವರು ಹದಿನೆಂಟು ವರ್ಷಗಳ ನಂತರ ಮತ್ತೆ ಜಿಮ್ಮಿಗೆ ಸೇರಿದ್ದರು. ಹರೆಯದಲ್ಲಿ ಅವರು ಭಾರ ಎತ್ತುವ ಸ್ಪರ್ಧೆಯೊಂದರಲ್ಲಿ ಮೂರನೆಯ ಬಹುಮಾನ ಗಳಿಸಿದವರು. ಸ್ಪರ್ಧೆಯಲ್ಲಿ ಇದ್ದವರೇ ಮೂರು ಜನವಾ ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ಅವರೂ ಹೇಳಿರಲಿಲ್ಲ. ಈಗ ಸೇರಿದ ಜಿಮ್ಮು ಹಳೆಯ ಮುದ್ರಣಾಲಯವೊಂದರ ಶೆಡ್ಡಿನಲ್ಲಿತ್ತು. ಅದನ್ನು ಒಬ್ಬಳೇ ನಿಂತು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಕೋಚಕ್ಕ ಎನ್ನುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರು ಮಂಡಿ ನೋವಿನವರು, ಸೊಂಟ ಹಿಡಿದುಕೊಂಡವರು, ಡಾಕ್ಟರು ಹೆದರಿಸಿ ಕಳಿಸಿದ ನಿವೃತ್ತರು. ಈ ವಿವರವನ್ನೂ ಗುಮಾಸ್ತರು ಕಚೇರಿಯಲ್ಲಿ ಹೇಳಿರಲಿಲ್ಲ. ಅಲ್ಲಿ ಅವರು ಎರಡು ತೋಳುಗಳನ್ನೂ ಮೈಯಿಂದ ಒಂದು ಗೇಣು ದೂರ ಹಿಡಿದು ಓಡಾಡುತ್ತಿದ್ದರು. ಬಾಗಿಲಲ್ಲಿ ಎದುರಾದವರು ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗುತ್ತಿತ್ತು.

ಆ ಭಾನುವಾರ ಅವರ ಹೆಂಡತಿ ಗ್ರಂಥಾಲಯದ ಡ್ಯೂಟಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಗುಮಾಸ್ತರು ಮತ್ತು ಅವರ ಅತ್ತೆ. ಅತ್ತೆಗೆ ಎಪ್ಪತ್ತಮೂರು. ಕಾಲಿಗೆ ಸದಾ ಉಣ್ಣೆಯ ಕಾಲುಚೀಲ ಬೇಕು. ಒಗೆದ ಬಟ್ಟೆಯಲ್ಲಿ ಒಂದೇ ಚೀಲ ಸಿಕ್ಕಿತ್ತು.

"ಅಳಿಯಂದ್ರೇ, ಬಲಗಾಲು ಬೆಚ್ಚಗಿದೆ. ಎಡಗಾಲು ಏನು ಪಾಪ ಮಾಡಿದೆ?" ಎಂದು ಅತ್ತೆ ಒಂದು ಕಾಲು ಎತ್ತಿ ತೋರಿಸಿದರು.

ಎಡಗಾಲಿನ ಚೀಲ ಮೆಷಿನ್ನಿನ ತಳದಲ್ಲಿ ಅಂಟಿಕೊಂಡಿತ್ತು. ಆ ಮೆಷಿನ್ನು ಮೇಲಿನಿಂದ ಮುಚ್ಚಳ ತೆಗೆಯುವಂಥದ್ದು, ಆಳವಾದದ್ದು. ಗುಮಾಸ್ತರೋ ಐದು ಅಡಿ ಎರಡು ಅಂಗುಲ. ಮೊದಲು ಬಾಗಿದರು, ಆಮೇಲೆ ತುದಿಗಾಲಲ್ಲಿ ನಿಂತರು, ಆಮೇಲೆ ಕಾಲು ನೆಲ ಬಿಟ್ಟಿತು. ಮೈಯ ಅರ್ಧ ಒಳಗೆ, ಅರ್ಧ ಹೊರಗೆ, ನಡುವೆ ಮೆಷಿನ್ನಿನ ಅಂಚು. ಕಾಲುಚೀಲ ಬೆರಳಿಗೆ ತಾಕಿತು. ಇನ್ನೊಂದೇ ಒಂದು ಅಂಗುಲ ಎಂದು ಹಲ್ಲು ಕಚ್ಚಿ ಮೈ ಚಾಚಿದಾಗ ಎಡಪಕ್ಕೆಯಲ್ಲಿ 'ಟಿಕ್' ಎಂದಿತು. ಸದ್ದು ಅತ್ತೆಗೂ ಕೇಳಿಸಿತು.

"ಮೆಷಿನ್ ಏನಾದ್ರೂ ಕೆಟ್ಟುಹೋಯ್ತಾ?" ಎಂದು ಅವರು ತುಂಬ ಕಾಳಜಿಯಿಂದ ವಿಚಾರಿಸಿದರು.

ಡಾಕ್ಟರು ಎಕ್ಸ್‌ರೇ ತೆಗೆಸಿ, ಎಂಟನೆಯ ಪಕ್ಕೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಆರು ವಾರ ಏನನ್ನೂ ಎತ್ತಬಾರದು, ಆಮೇಲೆ ನಿಧಾನಕ್ಕೆ ಶುರುಮಾಡಿ ಎಂದರು. ಗುಮಾಸ್ತರಿಗೆ ಬಿರುಕಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಹದಿನೆಂಟು ವರ್ಷದ ನಂತರ ಜಿಮ್ಮಿಗೆ ಸೇರಿದ ಗಂಡಸು, ಅತ್ತೆಯ ಕಾಲುಚೀಲ ಎತ್ತಲು ಹೋಗಿ ಪಕ್ಕೆ ಮುರಿದುಕೊಂಡ ಎಂದು ನಾಲ್ಕು ಜನಕ್ಕೆ ತಿಳಿದರೆ ತಲೆ ಎತ್ತಿ ನಡೆಯುವುದು ಹೇಗೆ?

"ಅತ್ತೆ, ಇದು ನಮ್ಮಿಬ್ಬರಲ್ಲೇ ಇರ್ಲಿ," ಎಂದು ಕೈ ಮುಗಿದರು.

"ನಿಮ್ಮ ಮಾನ ಬೇರೆ ನಮ್ಮ ಮಾನ ಬೇರೆನಾ?" ಎಂದ ಅತ್ತೆ, "ಟಿವಿ ರಿಮೋಟು ಮಾತ್ರ ಇನ್ಮೇಲೆ ನನ್ನ ಹತ್ರಾನೇ ಇರ್ಲಿ," ಎಂದು ಸೇರಿಸಿದರು.

ಸಂಜೆ ಮನೆಗೆ ಬಂದ ಹೆಂಡತಿಗೆ ಗುಮಾಸ್ತರು ಜಿಮ್ಮಿನಲ್ಲಿ ಏಟಾಯಿತು ಎಂದರು. ಆಕೆ ತಾನು ಕಂಡೇ ಇರದ ಕೋಚಕ್ಕನನ್ನು ಕೂತಲ್ಲೇ ಬೈದು, ಬಿಸಿನೀರಿನ ಚೀಲ ತಂದು ಪಕ್ಕೆಗೆ ಇಟ್ಟಳು. ಅತ್ತೆ ಚಾನಲ್ಲು ಬದಲಿಸಿದರು.

ಮಾರನೆಯ ದಿನ ಕಚೇರಿಯ ಮೆಟ್ಟಿಲನ್ನು ಗುಮಾಸ್ತರು ಒಂದು ಪಕ್ಕಕ್ಕೆ ವಾಲಿಕೊಂಡು ಹತ್ತಿದರು.

"ಏನ್ ಸಾರ್, ಹೀಗೆ ಸೊಟ್ಟಗಾಗಿದೀರಾ?" ಎಂದ ಜವಾನ.

"ಜಿಮ್ಮಲ್ಲಿ ಸ್ವಲ್ಪ ಭಾರ ಎತ್ತಿದೆ."

"ಎಷ್ಟು ಸಾರ್?"

ಇಲ್ಲಿ ಗುಮಾಸ್ತರು ಐದು ಎನ್ನಬಹುದಿತ್ತು, ಹತ್ತು ಎನ್ನಬಹುದಿತ್ತು. ಆದರೆ ಮನುಷ್ಯನ ಬಾಯಿ ಇಂಥ ಹೊತ್ತಿನಲ್ಲಿ ತಲೆಯನ್ನು ಕೇಳಿ ತೆರೆದುಕೊಳ್ಳುವುದಿಲ್ಲ. "ನೂರು," ಎಂದುಬಿಟ್ಟರು. ಜವಾನ ಕಣ್ಣರಳಿಸಿ ಅವರ ಕೈಚೀಲವನ್ನು ತಾನೇ ಹೊತ್ತು ತಂದ. ಊಟದ ಹೊತ್ತಿಗೆ ನೂರು ಹೋಗಿ ನೂರ ಇಪ್ಪತ್ತಾಗಿತ್ತು. ಸಂಜೆ ಕಚೇರಿ ಮುಚ್ಚುವಾಗ ನೂರ ನಲವತ್ತಕ್ಕೆ ನಿಂತಿತು. ಗುಮಾಸ್ತರು ಯಾವುದನ್ನೂ ತಿದ್ದಲಿಲ್ಲ, ನೋವು ತಡೆದುಕೊಳ್ಳುವವರಂತೆ ಕಣ್ಣು ಮುಚ್ಚಿ ಮುಗುಳ್ನಕ್ಕರು. ಕಿಟಕಿ ಪಕ್ಕದ ಕುರ್ಚಿ ಅವರಿಗೆ ಸಿಕ್ಕಿತು, ಬೆನ್ನಿಗೊಂದು ದಿಂಬೂ ಬಂತು. ಫೈಲು ಹೊರುವ ಕೆಲಸ ಜವಾನನ ಪಾಲಾಯಿತು. ಆರು ವಾರ ಅವರು ಸುಖವಾಗಿ ನರಳಿದರು.

ಆರು ವಾರ ಮುಗಿದ ಮೇಲೆ ಮತ್ತೆ ಜಿಮ್ಮಿಗೆ ಹೋದರು. ಕೋಚಕ್ಕನಿಗೆ ಮಾತ್ರ ಅವರು ಸತ್ಯಕ್ಕೆ ಹತ್ತಿರದ ಮಾತು ಹೇಳಿದ್ದರು. "ಮನೇಲಿ ಬಾಗಿ ಏನೋ ಎತ್ತಕ್ಕೆ ಹೋದೆ" ಎಂದಷ್ಟೇ. ಆಕೆ ಏನನ್ನು ಎಂದು ಕೆದಕಲಿಲ್ಲ. ಮೂಲೆಯಲ್ಲಿದ್ದ ಕಸಬರಿಗೆಯ ಕೋಲು ಬಿಚ್ಚಿ ಕೈಗೆ ಕೊಟ್ಟಳು.

"ಇದಾ?" ಎಂದರು ಗುಮಾಸ್ತರು.

"ಇದೇ. ಎತ್ತುವಾಗ ಉಸಿರು ಬಿಡಿ. ಮಂಡಿ ಬಾಗಲಿ, ಬೆನ್ನು ನೇರ. ಪಕ್ಕೆ ಚುಚ್ಚಿದ್ರೆ ಅಲ್ಲೇ ನಿಲ್ಲಿಸಿ, ಶೂರತನ ತೋರಿಸ್ಬೇಡಿ."

ಹೀಗೆ ಕಚೇರಿಯಲ್ಲಿ ನೂರ ನಲವತ್ತು ಕಿಲೋ ಎತ್ತಿದ ಗಂಡು ಎರಡು ವಾರ ಪ್ರತಿ ಬೆಳಿಗ್ಗೆ ಮಂಡಿ ನೋವಿನವರ ನಡುವೆ ನಿಂತು ಕಸಬರಿಗೆ ಕೋಲನ್ನು ಎತ್ತಿ ಇಳಿಸಿದರು. ಮೊದಲ ದಿನ ಹತ್ತನೆಯ ಸಲಕ್ಕೇ ಪಕ್ಕೆ ಕುಟುಕಿತು. ಕೋಚಕ್ಕ ಕುರ್ಚಿ ತಂದು ಕೂರಿಸಿ, ಪಕ್ಕದಲ್ಲೇ ಕೂತು, ಮೂಗಿನಿಂದ ಉಸಿರು ಎಳೆಯುವುದನ್ನು ಮಗುವಿಗೆ ಕಲಿಸುವಂತೆ ಕಲಿಸಿದಳು. ಎರಡನೆಯ ವಾರದ ಕೊನೆಗೆ ಅವರು ನೋವಿಲ್ಲದೆ ಸೀನಿದರು. ಇಡೀ ಶೆಡ್ಡು ಚಪ್ಪಾಳೆ ತಟ್ಟಿತು. ಮೂರನೆಯ ಬಹುಮಾನ ಬಂದಾಗಲೂ ಅವರಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಇತ್ತ ಕಚೇರಿಯಲ್ಲಿ ಕೋಚಕ್ಕನ ಜಿಮ್ಮಿನ ಪರವಾನಗಿ ನವೀಕರಣದ ಅರ್ಜಿ ಬಂತು. ಆವಕದ ಮೊಹರು ಹೊಡೆದವರು ಗುಮಾಸ್ತರೇ. ಆದರೆ ಮೊಹರು ಹೊಡೆಯುವವನು ಕಾಗದ ಓದಬಾರದು ಎಂಬುದು ಅವರ ಇಪ್ಪತ್ತೆರಡು ವರ್ಷಗಳ ವ್ರತ. ಓದುತ್ತ ಕೂತರೆ ಮೊಹರು ಹೊಡೆಯುವವರು ಯಾರು?

ಅರ್ಜಿ ಹೋದದ್ದು ಷರಾ ಸಾರ್ ಮೇಜಿಗೆ. ಯಾವ ಫೈಲು ಬಂದರೂ ಒಂದು ಷರಾ ಬರೆಯದೆ ಮುಂದೆ ಕಳಿಸಿದವರಲ್ಲವಾದ್ದರಿಂದ ಅವರಿಗೆ ಆ ಹೆಸರು. ಜಿಮ್ಮಿನ ಹೆಸರು ಕಂಡದ್ದೇ ತಡ, ಗೆಳೆಯ ಗುಮಾಸ್ತರ ಮೇಲಿನ ಪ್ರೀತಿ ಅವರಲ್ಲಿ ಉಕ್ಕಿತು. 'ಸದರಿ ಜಿಮ್ಮಿನಲ್ಲಿ ಈ ಕಚೇರಿಯ ನೌಕರರೊಬ್ಬರು ನೂರ ನಲವತ್ತು ಕಿಲೋ ಭಾರದಿಂದ ಗಾಯಗೊಂಡಿರುವುದು ಕಚೇರಿಗೆಲ್ಲ ತಿಳಿದ ಸಂಗತಿ' ಎಂದು ಬರೆದರು. ಮುಂದಿನ ಮೇಜಿನವರು ಹಿಂದಿನ ಮೇಜಿಗಿಂತ ತಾವು ಕಡಿಮೆ ತಿಳಿದವರೆಂದು ತೋರಿಸಿಕೊಳ್ಳುವುದು ಹೇಗೆ? ಅಲ್ಲಿ ಅದು ನೂರ ಅರವತ್ತಾಯಿತು, ಪಕ್ಕೆಲುಬು ಎರಡಾದವು. ಅದರ ಮೇಲಿನ ಮೇಜಿನಲ್ಲಿ ನೂರ ಎಂಬತ್ತಾಗಿ, ಪಕ್ಕೆಲುಬುಗಳ ಮುಂದೆ 'ಇತ್ಯಾದಿ' ಸೇರಿತು. ಮೇಲಧಿಕಾರಿ ಮೇಡಂ ಹಸಿರು ಶಾಯಿಯಲ್ಲಿ, 'ಜಿಮ್ಮನ್ನು ಏಕೆ ಮುಚ್ಚಿಸಬಾರದು? ಹತ್ತು ದಿನದೊಳಗೆ ಉತ್ತರ ಪಡೆಯಿರಿ' ಎಂದು ಬರೆದರು. ನೋಟೀಸು ತಯಾರಾಗಿ ಜಾವಕಕ್ಕೆ ಬಂತು. ಗುಮಾಸ್ತರು ವ್ರತಭಂಗ ಮಾಡದೆ ಅದಕ್ಕೂ ಮೊಹರು ಹೊಡೆದು ಕಳಿಸಿದರು.

ಮೂರನೆಯ ದಿನ ಬೆಳಿಗ್ಗೆ ಜಿಮ್ಮಿಗೆ ಹೋದಾಗ ಕೋಚಕ್ಕ ಕಸಬರಿಗೆ ಕೋಲು ಕೊಡಲಿಲ್ಲ. ಕೈಯಲ್ಲೊಂದು ಕಾಗದ ಹಿಡಿದು ಬೆಂಚಿನ ಮೇಲೆ ಕೂತಿದ್ದಳು.

"ನಿಮ್ಮ ಆಫೀಸಿಂದಾನೇ ಬಂದಿದೆ ಸಾರ್," ಎಂದು ಕಾಗದ ಚಾಚಿದಳು. "ಯಾರೋ ನಿಮ್ಮವರಿಗೆ ಇಲ್ಲಿ ನೂರ ಎಂಬತ್ತು ಕಿಲೋ ಎತ್ತಿ ಪಕ್ಕೆ ಮುರೀತಂತೆ. ನನ್ನ ಹತ್ರ ಇರೋ ಪ್ಲೇಟು, ಡಂಬೆಲ್ಲು, ಬಾಗಿಲಿಗೆ ಒತ್ತು ಇಟ್ಟಿರೋ ಕಲ್ಲು, ಎಲ್ಲಾ ಸೇರಿಸಿದ್ರೂ ನೂರ ಅರವತ್ತು ದಾಟಲ್ಲ. ಇನ್ನಿಪ್ಪತ್ತು ಅವರೇ ಮನೆಯಿಂದ ತಂದಿದ್ರಾ?"

ಗುಮಾಸ್ತರು ಬದುಕಿನಲ್ಲಿ ಮೊದಲ ಸಲ ತಾವು ಮೊಹರು ಹೊಡೆದ ಕಾಗದವನ್ನು ಓದಿದರು. ಕೆಳಗೆ ತಮ್ಮದೇ ದುಂಡು ಮೊಹರು, ತಮ್ಮದೇ ಪುಟ್ಟ ಸಹಿ.

"ಹದಿನೈದು ವರ್ಷ ಬೇರೆಯವರ ಜಿಮ್ಮಲ್ಲಿ ದುಡಿದು ಇದನ್ನ ಮಾಡ್ಕೊಂಡೆ ಸಾರ್," ಎಂದಳು ಕೋಚಕ್ಕ. "ಇಲ್ಲಿ ಬರೋ ಈ ಅಜ್ಜ ಅಜ್ಜಿಯರನ್ನ ದೊಡ್ಡ ಜಿಮ್ಮಿನವರು ಒಳಗೇ ಬಿಟ್ಕೊಳ್ಳಲ್ಲ. ಆ ಪುಣ್ಯಾತ್ಮ ಯಾರು ಅಂತ ಸ್ವಲ್ಪ ಪತ್ತೆ ಮಾಡಿಕೊಡ್ತೀರಾ?"

"ಮಾಡ್ತೀನಮ್ಮಾ, ಖಂಡಿತ ಮಾಡ್ತೀನಿ," ಎಂದರು ಗುಮಾಸ್ತರು. ಪುಣ್ಯಾತ್ಮನ ಪತ್ತೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳುವಷ್ಟು ಉಸಿರು ಇರಲಿಲ್ಲ.

ಸೀದಾ ಕಚೇರಿಗೆ ಹೋಗಿ ಷರಾ ಸಾರ್ ಮೇಜಿನ ಮುಂದೆ ನಿಂತರು. ಒಂದೇ ಸಲ ಮಾನ ಕಳೆದುಕೊಳ್ಳುವ ಬದಲು ಕಂತಿನಲ್ಲಿ ಕಳೆದುಕೊಳ್ಳೋಣವೆಂದು ಅವರ ಲೆಕ್ಕಾಚಾರ.

"ಸಾರ್, ಅದು ನೂರ ಎಂಬತ್ತು ಇರ್ಲಿಲ್ಲ."

"ಎಂಥ ವಿನಯ ನಿಮ್ಮದು!" ಎಂದು ಷರಾ ಸಾರ್ ಅವರ ಕೈ ಹಿಡಿದುಕೊಂಡರು.

"ನೂರೂ ಇರ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ತುಂಬಾ ಕಮ್ಮಿ. ಆ ಜಿಮ್ಮಿನ ತಪ್ಪೇನೂ ಇಲ್ಲ."

ಷರಾ ಸಾರ್ ಮುಖ ಗಂಭೀರವಾಯಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಿಮ್ಮನ್ನ ಹೆದರಿಸಿದ್ದಾರೆ, ಅಲ್ವಾ? ಪಾಪ! ನೀವೇನೂ ಹೇಳ್ಬೇಡಿ, ನನಗೆ ಅರ್ಥವಾಯ್ತು." ಹತ್ತೇ ನಿಮಿಷದಲ್ಲಿ ಫೈಲಿಗೆ ಹೊಸ ಷರಾ ಬಿತ್ತು: 'ಗಾಯಾಳುವಿನ ಮೇಲೆ ಜಿಮ್ಮಿನವರಿಂದ ತೀವ್ರ ಒತ್ತಡವಿರುವಂತೆ ತೋರುತ್ತದೆ. ಗಾಯಾಳು ಬೆವರುತ್ತಿದ್ದರು.'

ಬೆವರುತ್ತಿದ್ದದ್ದು ನಿಜ. ಫೈಲು ಕೆಂಪು ದಾರ ಕಟ್ಟಿಸಿಕೊಂಡು ಮೇಡಂ ಕೊಠಡಿಗೆ ಓಡಿತು. ಗುಮಾಸ್ತರು ಅದರ ಹಿಂದೆಯೇ ಓಡಿದರು. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

"ಮೇಡಂ, ಜಿಮ್ಮು ಮುಚ್ಚಿಸ್ಬೇಡಿ. ಅದು ಅಲ್ಲಿ ಆಗಿದ್ದಲ್ಲ. ನಮ್ಮನೇಲಿ ಆಗಿದ್ದು."

"ಮನೇಲಿ ನೂರ ಎಂಬತ್ತು ಕಿಲೋ ಯಾಕೆ ಇಟ್ಕೊಂಡಿದೀರಿ?"

"ಕಿಲೋ ಅಲ್ಲ ಮೇಡಂ." ಗುಮಾಸ್ತರು ಕಣ್ಣು ಮುಚ್ಚಿಕೊಂಡರು. "ಕಾಲುಚೀಲ."

"ಏನು?"

"ಕಾಲುಚೀಲ ಮೇಡಂ. ನಮ್ಮ ಅತ್ತೆಯವರದ್ದು. ಎಡಗಾಲಿನದ್ದು."

ಬಾಗಿಲ ಮರೆಯಲ್ಲಿದ್ದ ಜವಾನ ಕೆಮ್ಮಿದ. ಮೇಡಂ ನಗಲಿಲ್ಲ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಫೈಲಿನ ಮುಂದೆ ನಕ್ಕವರಲ್ಲ.

"ನೋಡಿ, ಫೈಲಲ್ಲಿ ನಾಲ್ಕು ಜನ ಸಹಿ ಹಾಕಿ ನೂರ ಎಂಬತ್ತು ಕಿಲೋ ಅಂದಿದಾರೆ. ನೀವೊಬ್ಬರು ಬಾಯಲ್ಲಿ ಕಾಲುಚೀಲ ಅಂದ್ರೆ ಅಳಿಸೋಕಾಗಲ್ಲ. ಜಾಗಕ್ಕೆ ಬಂದು ನೋಡಿ, ಸಾಕ್ಷಿ ಕೇಳಿ, ಬರೆದು ಸಹಿ ಹಾಕಿಸ್ಬೇಕು. ಮಹಜರು ಆಗ್ಲೇಬೇಕು. ಸಾಕ್ಷಿ ಇದಾರಾ?"

"ಇದಾರೆ ಮೇಡಂ," ಎಂದರು ಗುಮಾಸ್ತರು ಸೋತ ದನಿಯಲ್ಲಿ. "ಆದ್ರೆ ಅವರು ರಿಮೋಟು ಬಿಡಲ್ಲ."

ಮರುದಿನ ಹನ್ನೊಂದು ಗಂಟೆಗೆ ಗುಮಾಸ್ತರ ಮನೆಯ ಮುಂದೆ ಕಚೇರಿಯ ಜೀಪು ನಿಂತಿತು. ಮೇಡಂ, ಷರಾ ಸಾರ್, ಅಳತೆ ಟೇಪು ಹಿಡಿದ ಜವಾನ ಇಳಿದರು. ಕೋಚಕ್ಕನನ್ನೂ ಕರೆಸಿದ್ದರು. ಜೀಪು ಕಂಡ ಎದುರುಮನೆಯ ನಿವೃತ್ತ ಮೇಷ್ಟ್ರು, ಕರೆಯದಿದ್ದರೂ ಸಾಕ್ಷಿಗೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹೆಂಡತಿಗೆ ಏನೂ ಗೊತ್ತಿರಲಿಲ್ಲ. ರಜೆ ಹಾಕಿ ಮನೆಯಲ್ಲಿರು ಎಂದಷ್ಟೇ ಗುಮಾಸ್ತರು ಹೇಳಿದ್ದರು. ಬಂದವಳು ಜಿಮ್ಮಿನ ಕೋಚಕ್ಕ ಎಂದು ತಿಳಿದದ್ದೇ ಆಕೆ ಸೆರಗು ಬಿಗಿದಳು.

"ನಮ್ಮ ಯಜಮಾನರ ಪಕ್ಕೆ ಮುರಿದು ಈಗ ಮನೆ ಬಾಗಿಲಿಗೂ ಬಂದ್ರಾ?"

"ನಾನಾ? ನಾನು ಅವರಿಗೆ ಕೊಟ್ಟಿರೋದೇ ಕಸಬರಿಗೆ ಕೋಲು ಅಮ್ಮಾ!" ಎಂದ ಕೋಚಕ್ಕ, ಮಾತು ಮುಗಿಯುವಷ್ಟರಲ್ಲಿ ತಿರುಗಿ ಗುಮಾಸ್ತರನ್ನೇ ನೋಡಿದಳು. "ಆ ಪುಣ್ಯಾತ್ಮ... ನೀವಾ ಸಾರ್?"

ಗುಮಾಸ್ತರು ನೆಲ ನೋಡಿದರು. ಮಾನ ಹೋಗುವುದಾದರೆ ಇವಳೆದುರು ಹೋಗದಿದ್ದರೆ ಸಾಕಿತ್ತು ಎಂದು ಅವರಿಗೆ ಅನ್ನಿಸಿತು.

"ನಾನೇ ಅಮ್ಮಾ. ನೂರು ಅಂದವನು ನಾನು. ಉಳಿದದ್ದು ತಾನಾಗೇ ಬೆಳೀತು. ತಪ್ಪಾಯ್ತು," ಎಂದರು.

"ಸಾಕ್ಷಿ ಯಾರು?" ಎಂದರು ಮೇಡಂ.

ಎರಡು ತಿಂಗಳಿಂದ ಈ ಗಳಿಗೆಗಾಗಿ ಕಾದವರಂತೆ ಅತ್ತೆ ರಿಮೋಟು ಬದಿಗಿಟ್ಟು ಎದ್ದರು. ನಿಂತ ಜಾಗ, ಕೂತ ಕುರ್ಚಿ, ಬಿಸಿಲು ಬಿದ್ದ ದಿಕ್ಕು ಎಲ್ಲವನ್ನೂ ವಿವರಿಸಿದರು. "ನಮ್ಮ ಅಳಿಯಂದ್ರ ತಲೆ ಒಳಗಿತ್ತು. ಎರಡೂ ಕಾಲು ಮೇಲಿತ್ತು. ಮೆಷಿನ್ನಿನ ಮುಚ್ಚಳ ಯಾಕೋ ಮುಚ್ಕೊಳ್ತಾ ಇಲ್ವಲ್ಲ ಅಂದ್ಕೊಂಡೆ ನಾನು. ಅಷ್ಟರಲ್ಲಿ ಟಿಕ್ ಅಂತು."

"ಟಿಕ್ ಅಂದ್ರೆ ಹೇಗೆ? ಜೋರಾಗಾ, ಮೆಲ್ಲಗಾ?" ಷರಾ ಸಾರ್ ಪೆನ್ನು ಎತ್ತಿದರು.

"ಕಡ್ಲೆ ಒಡೆದ ಹಾಗೆ."

ಷರಾ ಸಾರ್ ಬರೆದುಕೊಂಡರು. ಹೆಂಡತಿ ಒಮ್ಮೆ ತಾಯಿಯನ್ನು, ಒಮ್ಮೆ ಗಂಡನನ್ನು ನೋಡಿದಳು.

"ಅಮ್ಮನ ಕಾಲುಚೀಲಕ್ಕೇನ್ರೀ? ಎರಡು ತಿಂಗಳಿಂದ ಬಿಸಿನೀರು ಕಾಯಿಸ್ತಿದೀನಲ್ರೀ! ದಿನಾ ಈ ಪಾಪದವಳನ್ನ ಬೈತಾ ಕಾಯಿಸ್ತಿದ್ನಲ್ಲ!" ಎಂದವಳಿಗೆ ಸಿಟ್ಟಿನ ನಡುವೆಯೇ ನಗು ಬಂದು, ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು.

"ಈಗ ಮಾಡಿ ತೋರಿಸಿ," ಎಂದರು ಮೇಡಂ.

ಕಾಲುಚೀಲವನ್ನು ಒದ್ದೆ ಮಾಡಿ ತಳಕ್ಕೆ ಹಾಕಲಾಯಿತು. ಜವಾನ ಮೆಷಿನ್ನಿನ ಎತ್ತರ ಅಳೆದ, ಆಮೇಲೆ ಗುಮಾಸ್ತರ ಎತ್ತರವನ್ನೂ ಅಳೆದು ತಲೆಯಾಡಿಸಿದ. ಮೇಷ್ಟ್ರು ಚೆನ್ನಾಗಿ ಕಾಣಲೆಂದು ಸ್ಟೂಲು ಹತ್ತಿ ನಿಂತರು. ಗುಮಾಸ್ತರು ಬಾಗಿದರು, ತುದಿಗಾಲಲ್ಲಿ ನಿಂತರು, ಕಾಲು ನೆಲ ಬಿಟ್ಟಿತು.

"ನಿಲ್ಲಿ!" ಕೋಚಕ್ಕನ ಕೂಗಿಗೆ ಷರಾ ಸಾರ್ ಪೆನ್ನು ಬಿತ್ತು. ಅವಳು ಬಂದು ಗುಮಾಸ್ತರ ಸೊಂಟ ಹಿಡಿದು ನೆಲಕ್ಕಿಳಿಸಿದಳು. "ಹೋದ ಸಲ ಒಂದು ಮುರ್ಕೊಂಡಿದ್ದು ಸಾಲ್ದಾ? ಇನ್ನೂ ಇಪ್ಪತ್ತಮೂರು ಗಟ್ಟಿಯಾಗಿವೆ. ಮೇಷ್ಟ್ರೇ, ಆ ಸ್ಟೂಲಿಂದ ಇಳೀರಿ. ಸಾರ್, ಇದರ ಮೇಲೆ ಹತ್ತಿ. ಮಂಡಿ ಬಾಗಲಿ. ಬೆನ್ನು ನೇರ. ಅಂಚಿಗೆ ಪಕ್ಕೆ ತಾಗಿಸ್ಬೇಡಿ. ಉಸಿರು ಬಿಡ್ತಾ ಎತ್ತಿ."

ಅವಳಿಗೆ ಕೋಪ ಇಳಿದಿರಲಿಲ್ಲ. ಆದರೆ ತಪ್ಪಾಗಿ ಭಾರ ಎತ್ತುವುದನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಕೈಲಾಗದ ಕೆಲಸ. ಗುಮಾಸ್ತರು ಸ್ಟೂಲು ಹತ್ತಿದರು, ಉಸಿರು ಬಿಟ್ಟರು, ಕೈ ಚಾಚಿದರು. ನೀರು ತೊಟ್ಟಿಕ್ಕುವ ಕಾಲುಚೀಲ ಮೇಲೆ ಬಂತು. ಯಾವ ಸದ್ದೂ ಆಗಲಿಲ್ಲ. ಮೇಷ್ಟ್ರು ತಮಗರಿವಿಲ್ಲದೆ ಚಪ್ಪಾಳೆ ತಟ್ಟಿ, ಮೇಡಂ ಮುಖ ನೋಡಿ ಕೈ ಇಳಿಸಿದರು.

ಹೆಂಡತಿ ಅಡುಗೆಮನೆಯ ತಕ್ಕಡಿ ತಂದಳು. ಕಾಲುಚೀಲವನ್ನು ಎಲ್ಲರೆದುರು ತೂಗಲಾಯಿತು. ಮೇಡಂ ತಾವೇ ಬಗ್ಗಿ ನೋಡಿ ಹಸಿರು ಶಾಯಿಯಲ್ಲಿ ಬರೆದರು: 'ಎತ್ತಿದ ಭಾರ: ಕಾಲುಚೀಲ, ಒಂದು, ಉಣ್ಣೆ, ಒದ್ದೆ, ಎಂಬತ್ತು ಗ್ರಾಂ. ಜಿಮ್ಮಿನ ತಪ್ಪು ಎಳ್ಳಷ್ಟೂ ಇಲ್ಲ. ಪರವಾನಗಿ ನವೀಕರಿಸಿ.' ಗುಮಾಸ್ತರು ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ ಸಹಿ ಹಾಕಿದರು. ಜೀಪು ಹತ್ತುವಾಗ ಮೇಡಂ ಕರ್ಚೀಫು ಬಾಯಿಗೊತ್ತಿಕೊಂಡರು. ಜೀಪು ತಿರುವು ದಾಟಿದ ಮೇಲೆ ಒಳಗಿನಿಂದ ಎಂಥದೋ ಸದ್ದು ಬಂತೆಂದು ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ.

ಕಚೇರಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಹೋಯಿತು. ದಿಂಬು ಹೋಯಿತು. ಒಂದು ವಾರ ಎಲ್ಲರೂ ಅವರ ಮೇಜಿನ ಹತ್ತಿರ ಬಂದು ತಮ್ಮ ಕಾಲುಚೀಲ ಎಳೆದುಕೊಂಡು ಹೋದರು. ಗುಮಾಸ್ತರು ಎಲ್ಲ ಸಹಿಸಿದರು. ಸಹಿಸಲಾಗದ್ದು ಒಂದೇ. ಜಿಮ್ಮಿಗೆ ಮತ್ತೆ ಯಾವ ಮುಖ ಹೊತ್ತು ಹೋಗುವುದು? ಎಂಟು ದಿನ ಹೋಗಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅತ್ತೆ ಎರಡೂ ಕಾಲಿಗೆ ಚೀಲ ತೊಟ್ಟು, ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಏಳಿ ಅಳಿಯಂದ್ರೇ. ಆ ಹುಡುಗಿ ನನ್ನ ಮಂಡಿ ನೋಡ್ತೀನಿ ಅಂದಿದಾಳೆ. ನಿಮ್ಮನ್ನೂ ಕರ್ಕೊಂಡು ಬನ್ನಿ ಅಂದ್ಲು."

ಜಿಮ್ಮಿನಲ್ಲಿ ಕೋಚಕ್ಕ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿದಳು. ಗೋಡೆಯ ಮೇಲೆ ಹೊಸ ಪರವಾನಗಿ ಚೌಕಟ್ಟಿನಲ್ಲಿ ತೂಗುತ್ತಿತ್ತು, ಕೆಳಗೆ ಅವರದೇ ದುಂಡು ಮೊಹರು. ಅವರು ತಲೆ ತಗ್ಗಿಸಿ ಮೂಲೆಗೆ ಹೋಗಿ ಕಸಬರಿಗೆ ಕೋಲಿಗೆ ಕೈ ಹಾಕಿದರು.

"ಅದನ್ನ ಅಲ್ಲೇ ಇಡಿ, ನೆಲ ಗುಡಿಸೋಕೆ ಬೇಕು," ಎಂದ ಕೋಚಕ್ಕ ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳನ್ನು ತಂದು ಅವರ ಮುಂದೆ ಎರಡು ಕಟ್ಟೆಗಳ ಮೇಲೆ ಇಟ್ಟಳು. "ಬರೀ ಸರಳು. ಇಪ್ಪತ್ತು ಕಿಲೋ. ಎರಡೇ ಸಲ. ಪಕ್ಕೆ ಏನಾದ್ರೂ ಅಂದ್ರೆ ಬಿಟ್ಬಿಡಿ."

ಮಂಡಿ ಬಾಗಿತು, ಬೆನ್ನು ನೇರವಾಯಿತು, ಉಸಿರು ಹೊರಗೆ ಹೋಯಿತು. ಸರಳು ಮೇಲೆದ್ದಿತು. ಎಂಟನೆಯ ಪಕ್ಕೆಲುಬು ತಕರಾರು ಮಾಡಲಿಲ್ಲ. ಇನ್ನೊಮ್ಮೆ ಎತ್ತಿ, ಸದ್ದಾಗದಂತೆ ಕೆಳಗಿಟ್ಟರು. ಗುಮಾಸ್ತರ ಕಣ್ಣು ತುಂಬಿ ಬಂತು. ಬೆಂಚಿನ ಮೇಲೆ ಕೂತಿದ್ದ ಅತ್ತೆ, "ನಾನು ನೋಡಿದೀನಿ. ಸಾಕ್ಷಿ ಬೇಕಾದ್ರೆ ನನ್ನ ಕರೀರಿ," ಎಂದರು.

ಮನೆಗೆ ಬರುವಾಗ ಮೇಷ್ಟ್ರು ಗೇಟಿನಲ್ಲೇ ಕಾಯುತ್ತಿದ್ದರು.

"ಏನಮ್ಮಾ, ಇವತ್ತು ಅಳಿಯಂದ್ರು ಎಷ್ಟು ಎತ್ತಿದ್ರು?"

"ನಲವತ್ತು!" ಎಂದರು ಅತ್ತೆ, ಎದೆ ಉಬ್ಬಿಸಿ.

ಗುಮಾಸ್ತರು ಗಕ್ಕನೆ ನಿಂತರು. "ಅತ್ತೆ, ಇಪ್ಪತ್ತು."

"ಎರಡು ಸಲ ಎತ್ತಲಿಲ್ವಾ? ಕೂಡಿ ನೋಡಿ."

ಮೇಷ್ಟ್ರ ಹುಬ್ಬು ಮೇಲೇರಿತು. ಅವರ ಬಾಯಿ ಆಗಲೇ ಅರ್ಧ ಬೀದಿಯನ್ನು ದಾಟಿದಂತಿತ್ತು. ಗುಮಾಸ್ತರು ಎಡಪಕ್ಕೆಯ ಮೇಲೆ ಕೈಯಿಟ್ಟುಕೊಂಡು, ಉಸಿರು ಬಿಡುತ್ತ, ಬೆನ್ನು ನೇರ ಮಾಡಿ, ಅಕ್ಕಪಕ್ಕದ ನಾಲ್ಕು ಮನೆಗೂ ಕೇಳುವಂತೆ ಕೂಗಿದರು:

"ಇಪ್ಪತ್ತು ಮೇಷ್ಟ್ರೇ! ಬರೀ ಸರಳು! ಬೇಕಾದ್ರೆ ಈಗ್ಲೇ ಬರೆದುಕೊಳ್ಳಿ, ಸಹಿ ಹಾಕ್ತೀನಿ!"